ಹಾರಂಗಿ ಹಿನ್ನೀರಿನಲ್ಲಿ ಗಾಳಿ ತುಂಬುವ ವಿಂಡ್‌ಸರ್ಫಿಂಗ್ ಬೋರ್ಡ್: ಬಳಕೆದಾರನ ವಿಮರ್ಶೆ

ಗೋವಾದ ಕಡಲಿನಲ್ಲಿ ಕಲಿತು ಹಲವು ವರ್ಷ ಕೈಬಿಟ್ಟಿದ್ದ ವಿಂಡ್‌ಸರ್ಫಿಂಗನ್ನು ಕೊಡಗಿನ ಹಾರಂಗಿ ಜಲಾಶಯದ ಹಿನ್ನೀರಿನಲ್ಲಿ ಮತ್ತೆ ಆರಂಭಿಸಲೆಂದು ಕೊಂಡ, ಗಾಳಿ ತುಂಬಿ ಬಳಸುವ ಬೋರ್ಡಿನ ಕುರಿತ ವಿಮರ್ಶೆಯಿದು. ಹಾಯಿ ಹೂಡಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟವೇ ವಿಂಡ್‌ಸರ್ಫಿಂಗ್. 320 ಸೆಂ.ಮೀ. ಉದ್ದ, 82 ಸೆಂ.ಮೀ. ಅಗಲ, 15 ಸೆಂ.ಮೀ. ದಪ್ಪದ ಈ ಬೋರ್ಡಿನ ಗಾತ್ರ ಸುಮಾರು 290 ಲೀಟರ್. ಹೊಸಬರೂ ಬಿಟ್ಟು ಮತ್ತೆ ಹಿಡಿಯುವವರೂ ತಮ್ಮ ದೇಹತೂಕದ ಕಿಲೋ ಸಂಖ್ಯೆಗೆ ನೂರರಷ್ಟು ಸೇರಿಸಿ, ಅಷ್ಟು ಲೀಟರಿನ ಬೋರ್ಡ್ ಆರಿಸಬೇಕೆಂಬುದು ರೂಢಿಯ ಲೆಕ್ಕ. ಅದಕ್ಕಿಂತ ಇದು ಧಾರಾಳವಾಗಿಯೇ ದೊಡ್ಡದು.

ಹಿನ್ನೀರಿನಲ್ಲಿ ಆ ಧಾರಾಳ ಬೇಕಾಗುತ್ತದೆ. ಗುಡ್ಡಗಳ ನಡುವೆ ಗಾಳಿ ಕಡಲಿನಂತೆ ಒಂದೇ ಸಮನೆ ಬೀಸುವುದಿಲ್ಲ. ಗುಡ್ಡದ ಮರೆಗೆ ಬಂದೊಡನೆ ಹಾಯಿ ಜೋತುಬೀಳುತ್ತದೆ. ಮರೆ ದಾಟಿದರೆ, ನೀರಿನ ಮೇಲೆ ಕಪ್ಪು ಸುಕ್ಕುಗಳಾಗಿ ಮೊದಲು ಕಾಣಿಸಿಕೊಂಡ ಗಾಳಿ ರಭಸದಿಂದ ಬಂದು ತಾಗುತ್ತದೆ. ಹಾಯಿಯ ಭಾರಕ್ಕೆ ಎದುರಾಗಿ ಹಿಂದಕ್ಕೆ ವಾಲಿ ನಿಂತವನು, ಗಾಳಿ ತಟ್ಟನೆ ಸತ್ತಾಗ ನೀರಿಗೆ ಬೀಳದಂತೆ ಸಾವರಿಸಿಕೊಳ್ಳಲು ಈ ಅಗಲವೇ ಅವಕಾಶ ಕೊಡುತ್ತದೆ.

ನನ್ನ ಮಟ್ಟಿಗೆ ಈ ಬೋರ್ಡಿನ ನಿಜವಾದ ಬೆಲೆಯಿರುವುದು ಅದರ ನಡುವಿನ ಫಿನ್ನಿನಲ್ಲಿ, ಅಂದರೆ ತಳದಿಂದ ನೀರಿಗಿಳಿಯುವ ರೆಕ್ಕೆಯಲ್ಲಿ. ಮಂದ ಗಾಳಿಯಲ್ಲಿ ನಿಧಾನವಾಗಿ ಸಾಗುವಾಗ ಬೋರ್ಡ್ ಅಡ್ಡಕ್ಕೆ ಜಾರುವುದನ್ನು ಹಿಂಬದಿಯ ಫಿನ್ ಒಂದೇ ತಡೆಯಲಾರದು. ನಡುವಿನದು ಇಲ್ಲದಿದ್ದರೆ ಹೊರಟ ದಡಕ್ಕೆ ಮರಳುವ ಬದಲು ಗಾಳಿ ತಳ್ಳಿದ ದಡವನ್ನು ಸೇರಿ, ಅಲ್ಲಿಂದ ಎಲ್ಲವನ್ನೂ ಹೊತ್ತು ನಡೆಯಬೇಕಾಗುತ್ತದೆ. ನಿಂತು ಹುಟ್ಟುಹಾಕುವ ಸಾಧಾರಣ ಬೋರ್ಡಿಗೆ ಮಾಸ್ಟ್ (ಹಾಯಿಯ ಕಂಬ) ಸಿಕ್ಕಿಸುವ ತಿರುಪೊಂದನ್ನು ಸೇರಿಸಿ ವಿಂಡ್‌ಸರ್ಫಿಂಗಿಗೂ ಸಾಕೆಂದು ಮಾರುವವರಿದ್ದಾರೆ. ಕೊಳ್ಳುವ ಮುನ್ನ ಬೋರ್ಡನ್ನು ಮಗುಚಿ, ನಡುವಿನ ಫಿನ್ ಇದೆಯೇ ಎಂದು ನೋಡಬೇಕು.

ದೋಷಗಳೂ ಇವೆ. ಒಳಗಿನ ಗಾಳಿಯ ಒತ್ತಡವನ್ನು 15 ಪಿ.ಎಸ್.ಐ.ಗೆ (ಚದರ ಅಂಗುಲಕ್ಕೆ 15 ಪೌಂಡ್) ಏರಿಸದಿದ್ದರೆ ಮಾಸ್ಟಿನ ಬುಡದಲ್ಲಿ ಬೋರ್ಡ್ ಬಾಗುತ್ತದೆ. ಜೊತೆಗೆ ಬರುವ ಕೈಪಂಪಿನಲ್ಲಿ ಕೊನೆಯ ಕೆಲವು ಪಿ.ಎಸ್.ಐ. ತುಂಬುವಷ್ಟರಲ್ಲಿ ತೋಳಿನ ಶಕ್ತಿಯೆಲ್ಲ ಮುಗಿದಿರುತ್ತದೆ. ಗಾಳಿ ಬಲವಾದಾಗ ನೀರಿನ ಮೇಲ್ಮೈಯಲ್ಲಿ ತೇಲಿ ಓಡುವ ಗಟ್ಟಿ ಬೋರ್ಡಿನ ವೇಗವನ್ನು ಇದರಿಂದ ನಿರೀಕ್ಷಿಸುವಂತಿಲ್ಲ. ಹಾಯಿಯ ವಿಷಯದಲ್ಲಿ, ಗಂಟೆಗೆ 13ರಿಂದ 20 ಕಿ.ಮೀ. ಗಾಳಿಗೆ 5.5 ಚದರ ಮೀಟರ್ ಒಪ್ಪುತ್ತದೆಯಾದರೂ, ಮೊದಲ ವಾರಗಳಿಗೆ 4.5 ಚದರ ಮೀಟರಿನ ಡೇಕ್ರಾನ್ (ಪಾಲಿಯೆಸ್ಟರ್ ಬಟ್ಟೆಯ) ಹಾಯಿಯೇ ಲೇಸು. ನೀರಿಗೆ ಬಿದ್ದ ಹಾಯಿಯನ್ನು ಹಗ್ಗದಿಂದ ಮತ್ತೆ ಮತ್ತೆ ಎತ್ತಬೇಕಾದಾಗ ಸೊಂಟವೇ ಇದನ್ನು ಒಪ್ಪಿಕೊಳ್ಳುತ್ತದೆ.

ಮುಂಗಾರಿನಲ್ಲಿ ಅಣೆಕಟ್ಟೆಯ ಗೇಟು ತೆರೆಯುವ ದಿನಗಳಲ್ಲಿ ನೀರಿಗಿಳಿಯುವ ಯೋಚನೆಯೇ ಬೇಡ. ಉಳಿದ ಕಾಲದಲ್ಲೂ ನೀರಾವರಿ ನಿಗಮದ ಅನುಮತಿ ಮತ್ತು ಲೈಫ್ ಜಾಕೆಟ್ ಇರಲೇಬೇಕು. ಸಿಹಿನೀರಾದ್ದರಿಂದ ಉಪ್ಪು ತೊಳೆಯುವ ಕೆಲಸವಿಲ್ಲ. ಆದರೆ ಕೊಡಗಿನ ತೇವಕ್ಕೆ, ಹಸಿಯಾಗಿ ಸುತ್ತಿಟ್ಟ ಹಾಯಿಗೆ ಬೂಷ್ಟು ಹಿಡಿಯುವುದು ಖಚಿತ. ಬಿಸಿಲು ಹಾಯಿಯ ಬಟ್ಟೆಯನ್ನು ಕೆಡಿಸುವುದರಿಂದ ನೆರಳಿನಲ್ಲೇ ಒಣಗಿಸಬೇಕು. ಹೇಗೂ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೀಜ ಒಣಗಿಸುವ ಕಣದಲ್ಲಿ ಹಾಯಿ ಹರಡಲು ಮನೆಯವರು ಬಿಡುವುದಿಲ್ಲ.