ಬೆರಳಿಗೆ ಅಂಟಿಕೊಂಡು ಬಂದ ಅಂಕಿಗಳು: ಲೇಸರ್ ಪ್ರಿಂಟರ್ ರೀಫಿಲ್ ಮಾಡಿಸುವವರಿಗೊಂದು ಎಚ್ಚರಿಕೆ

ಮಲೆನಾಡಿನ ಒಂದು ಸಣ್ಣ ಪತ್ತಿನ ಸಹಕಾರ ಸಂಘದಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಳೆದ ಮಳೆಗಾಲದಲ್ಲಿ ಲೆಕ್ಕಪರಿಶೋಧನೆ ನಡೆಯುತ್ತಿದ್ದಾಗ, ನಾವು ಮುದ್ರಿಸಿಕೊಟ್ಟಿದ್ದ ಸಾಲ ಬಾಕಿ ಪಟ್ಟಿಯ ಮೇಲೆ ಲೆಕ್ಕಪರಿಶೋಧಕರು ಹೆಬ್ಬೆರಳು ಊರಿ ಒಂದೊಂದೇ ಸಾಲು ಇಳಿಯುತ್ತ ಬಂದರು. ಪುಟದ ಕೊನೆ ಮುಟ್ಟುವಷ್ಟರಲ್ಲಿ ಅವರ ಬೆರಳು ಕಪ್ಪಾಗಿತ್ತು, ಬಲಬದಿಯ ಮೊತ್ತಗಳೆಲ್ಲ ಕಲಸಿಹೋಗಿದ್ದವು. ಅವರು ಬೆರಳೆತ್ತಿ ತೋರಿಸಿ, "ಇದನ್ನು ದಾಖಲೆ ಅಂತ ಹೇಗೆ ತಗೊಳ್ಳಲಿ?" ಎಂದು ಕೇಳಿದರು. ಆ ಹೊತ್ತಿಗಾಗಲೇ ಆ ಪ್ರಿಂಟರಿನ ರಿಪೇರಿಗೆ ನಾವು 4,050 ರೂಪಾಯಿ ಸುರಿದಾಗಿತ್ತು.

ಶುರುವಾದದ್ದು ತೀರಾ ಸಾಮಾನ್ಯವಾದ ತೊಂದರೆಯಿಂದ. ಜೂನ್ ಕೊನೆಯಲ್ಲಿ ಅಕ್ಷರಗಳು ಪುಟದ ಒಂದು ಬದಿಯಲ್ಲಿ ತೆಳುವಾಗತೊಡಗಿದವು; ಕಾರ್ಟ್ರಿಡ್ಜನ್ನು ಹೊರತೆಗೆದು ಎರಡೂ ಕಡೆಗೆ ಮೆಲ್ಲಗೆ ಅಲ್ಲಾಡಿಸಿ ಹಾಕಿದರೆ ಇಪ್ಪತ್ತು ಮೂವತ್ತು ಪುಟ ಚೆನ್ನಾಗಿ ಬಂದು ಮತ್ತೆ ತೆಳುವಾಗುತ್ತಿತ್ತು. ಟೋನರ್, ಅಂದರೆ ಅಕ್ಷರ ಮೂಡಿಸುವ ಕಪ್ಪು ಪುಡಿ, ಮುಗಿಯುತ್ತ ಬಂದಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ. ಹೊಸ ಕಾರ್ಟ್ರಿಡ್ಜಿನ ಬೆಲೆ ನೋಡಿ ಹಿಂಜರಿದ ನಾವು, ಪೇಟೆಯಿಂದ ರೀಫಿಲ್ ಮಾಡುವವರೊಬ್ಬರನ್ನು ಕರೆಸಿದೆವು. 350 ರೂಪಾಯಿಗೆ ಮೂರು ಸಾವಿರ ಪುಟ ಬರುತ್ತದೆ ಎಂದು ಅವರು ಭರವಸೆ ಕೊಟ್ಟರು. ನಮ್ಮ ಮಾದರಿಯ ಕಾರ್ಟ್ರಿಡ್ಜಿಗೆ ತಯಾರಕರೇ ಹೇಳುವುದು 2,000 ಪುಟ, ಅದೂ ಹಾಳೆಯ ಶೇಕಡಾ 5ರಷ್ಟು ಜಾಗದಲ್ಲಿ ಮಾತ್ರ ಮಸಿ ಬೀಳುವ ಲೆಕ್ಕದಲ್ಲಿ. ಗೆರೆ, ಕೋಷ್ಟಕ, ಅಂಕಿ ತುಂಬಿದ ನಮ್ಮ ಹಾಳೆಗಳಿಗೆ ಅಷ್ಟೂ ಬರುವುದಿಲ್ಲ. ಈ ಲೆಕ್ಕ ಅಂದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಅವರು ತಂದಿದ್ದ ಪುಡಿ ಹೆಸರಿಲ್ಲದ, ಮಾದರಿ ಸಂಖ್ಯೆಯಿಲ್ಲದ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿತ್ತು. ಉಳಿದಿದ್ದ ಹಳೆಯ ಪುಡಿಯನ್ನು ಚೆಲ್ಲದೆ ಅದರ ಮೇಲೆಯೇ ಸುರಿದರು. ಕಾರ್ಟ್ರಿಡ್ಜಿನೊಳಗೆ ಬಳಸಿ ಉಳಿದ ಪುಡಿ ಸೇರುವ ಇನ್ನೊಂದು ಕೋಣೆ ಇರುತ್ತದೆ, ಪ್ರತಿ ಸಲ ಅದನ್ನೂ ಖಾಲಿ ಮಾಡಬೇಕು ಎಂಬುದು ನನಗೆ ತಿಳಿದದ್ದು ಆಮೇಲೆ. ಹತ್ತು ದಿನ ಕಳೆಯುವುದರೊಳಗೆ ಹಾಳೆಯ ಮೇಲಿಂದ ಕೆಳಗಿನವರೆಗೆ ಒಂದು ಕಪ್ಪು ಗೆರೆ, ಹಿನ್ನೆಲೆಯಲ್ಲಿ ಬೂದಿ ಎರಚಿದಂಥ ಮಸುಕು, ಅಲ್ಲಲ್ಲಿ ಉದುರಿದ ಪುಡಿ ಕಾಣತೊಡಗಿತು. ಮತ್ತೆ ಕರೆದಾಗ ಡ್ರಮ್ (ಪುಡಿಯನ್ನು ಅಕ್ಷರಗಳ ಆಕಾರದಲ್ಲಿ ಹಾಳೆಗೆ ದಾಟಿಸುವ ಉರುಳೆ) ಮತ್ತು ಬ್ಲೇಡ್ (ಅದರ ಮೇಲೆ ಉಳಿದ ಪುಡಿಯನ್ನು ಕೆರೆಯುವ ಪಟ್ಟಿ) ಹೋಗಿದೆ ಎಂದು 900 ರೂಪಾಯಿ ತೆಗೆದುಕೊಂಡರು. ಬೆಳಕಿಗೆ ಒಡ್ಡಬಾರದ ಆ ಹಸಿರು ಡ್ರಮ್ಮನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ, ಸ್ಟೇಪ್ಲರ್ ಪಿನ್ನುಗಳ ನಡುವೆ ಉರುಳಿಸಿಟ್ಟು, ಅರ್ಧ ಗಂಟೆ ಫೋನಿನಲ್ಲಿ ಮಾತನಾಡಿದ್ದನ್ನು ನಾನು ಎದುರಿಗೇ ಕುಳಿತು ನೋಡಿದ್ದೆ. ಗೆರೆ ಹೋಯಿತು, ಅದರ ಬದಲಿಗೆ ಸಮ ಅಂತರದಲ್ಲಿ ಚುಕ್ಕೆಗಳು ಬಂದವು. ಜೊತೆಗೆ ಅಕ್ಷರಗಳು ಒರೆಸಿದರೆ ಅಳಿಸಿಹೋಗತೊಡಗಿದವು. ಮೂರನೆಯ ಭೇಟಿಯಲ್ಲಿ ಫ್ಯೂಸರ್ (ಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಭಾಗ) ಸುಟ್ಟಿದೆ ಎಂದು ಹೇಳಿ, 2,800 ರೂಪಾಯಿಗೆ ಬೇರೆಯದನ್ನು ಹಾಕಿ, ಹಳೆಯದನ್ನು ಚೀಲಕ್ಕೆ ಸೇರಿಸಿಕೊಂಡು ಹೋದರು. ಹಾಗೆ ತೆಗೆದುಕೊಂಡು ಹೋಗಲು ಬಿಟ್ಟದ್ದು ನನ್ನ ತಪ್ಪು. ಅದಾದ ಮೇಲೆ ಮುದ್ರಿಸಿದ ಪಟ್ಟಿಯೇ ಲೆಕ್ಕಪರಿಶೋಧಕರ ಬೆರಳಿಗೆ ಅಂಟಿಕೊಂಡದ್ದು.

ಕೊನೆಗೆ ನಮ್ಮ ನಿರ್ದೇಶಕರೊಬ್ಬರ ಪರಿಚಯದ, ಬಹಳ ವರ್ಷ ಇದೇ ಯಂತ್ರಗಳ ಸರ್ವಿಸ್ ಮಾಡಿ ನಿವೃತ್ತರಾದ ಒಬ್ಬ ಹಿರಿಯರು ಬಂದರು. ಅವರು ಸ್ಕ್ರೂಡ್ರೈವರ್ ಕೇಳಲಿಲ್ಲ. "ಕೆಟ್ಟ ಹಾಳೆ ಒಂದು ಕೊಡಿ, ಒಂದು ಸ್ಕೇಲ್ ಕೊಡಿ" ಎಂದರು. ಚುಕ್ಕೆಯಿಂದ ಚುಕ್ಕೆಗೆ ಅಳೆದರು. 75 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಈ ಮಾದರಿಯ ಡ್ರಮ್ಮಿನ ವ್ಯಾಸ 24 ಮಿಲಿಮೀಟರ್, ಒಂದು ಸುತ್ತಿಗೆ ಅದು ಕ್ರಮಿಸುವ ದೂರ ಅಷ್ಟೇ. ಹಾಗಾಗಿ ಗೀರು ಬಿದ್ದಿರುವುದು ಡ್ರಮ್ಮಿನ ಮೇಲೆ, ಬೇರೆಲ್ಲೂ ಅಲ್ಲ. ಒಳಗಿನ ಪ್ರತಿಯೊಂದು ರೋಲರಿನ ಸುತ್ತಳತೆಯೂ ಬೇರೆ ಬೇರೆ ಇರುವುದರಿಂದ ಹಾಳೆಯ ಮೇಲಿನ ಅಂತರವೇ ಕೆಟ್ಟ ಭಾಗವನ್ನು ತೋರಿಸಿಕೊಡುತ್ತದಂತೆ. ಆರು ವಾರಗಳಲ್ಲಿ ನಮ್ಮಲ್ಲಿ ಯಾರೂ ಹಾಳೆಯ ಮೇಲೆ ಸ್ಕೇಲ್ ಇಟ್ಟು ನೋಡಿರಲಿಲ್ಲ, ಹಣ ಪಡೆದವರೂ ನೋಡಿರಲಿಲ್ಲ.

ಅವರ ಎರಡನೆಯ ಪರೀಕ್ಷೆ ನನಗೆ ಇನ್ನೂ ಹಿಡಿಸಿತು. ಒಂದು ಹಾಳೆಯನ್ನು ಮುದ್ರಣಕ್ಕೆ ಕಳುಹಿಸಿ, ಅದು ಅರ್ಧ ದಾರಿಯಲ್ಲಿರುವಾಗ ಮುಚ್ಚಳ ತೆರೆದು ಯಂತ್ರವನ್ನು ನಿಲ್ಲಿಸಿ, ಹಾಳೆಯನ್ನು ಮೆಲ್ಲಗೆ ಹೊರಗೆಳೆದರು. ಫ್ಯೂಸರಿನ ಬಿಸಿ ಇನ್ನೂ ತಾಗದ ಆ ಭಾಗದಲ್ಲಿ ಪುಡಿ ಅಕ್ಷರಗಳ ಆಕಾರದಲ್ಲಿ ಸುಮ್ಮನೆ ಕುಳಿತಿತ್ತು, ಊದಿದರೆ ಹಾರುವಂತೆ. ಆದರೆ ಅಕ್ಷರಗಳ ಸುತ್ತಲಿನ ಬೂದು ಮಸುಕು ಆಗಲೇ ಅಲ್ಲಿತ್ತು. ಅಂದರೆ ಆ ಮಸುಕು ಹುಟ್ಟುತ್ತಿದ್ದುದು ಫ್ಯೂಸರಿಗಿಂತ ಮೊದಲೇ, ಕಾರ್ಟ್ರಿಡ್ಜಿನಲ್ಲಿ. ಬಳಿಕ ತಮ್ಮ ಕಡೆಯಿಂದ ತಂದಿದ್ದ ಮೂಲ ಕಾರ್ಟ್ರಿಡ್ಜನ್ನು ಹಾಕಿ, ಆಗಷ್ಟೇ ಒಡೆದ ರೀಮಿನಿಂದ ಹಾಳೆ ತೆಗೆದು ಮುದ್ರಿಸಿದರು. ಉಗುರಿನಿಂದ ಉಜ್ಜಿದರೂ ಅಕ್ಷರ ಅಲುಗಲಿಲ್ಲ. ಟೋನರ್ ಎನ್ನುವುದು ಮಸಿಯಲ್ಲ, ಬಹುಪಾಲು ಪ್ಲಾಸ್ಟಿಕ್ಕಿನ ನಯವಾದ ಪುಡಿ. ಅದು ಫ್ಯೂಸರಿನ ಬಿಸಿಗೆ ಕರಗಿ ಕಾಗದದ ನಾರಿಗೆ ಅಂಟಬೇಕು. ಕರಗಲು ಬೇಕಾಗುವ ಬಿಸಿ, ಹಿಡಿದಿಟ್ಟುಕೊಳ್ಳುವ ವಿದ್ಯುದಾವೇಶ ಎಲ್ಲವೂ ಆಯಾ ಯಂತ್ರಕ್ಕೆ ತಕ್ಕಂತೆ ಇರಬೇಕಾದ್ದರಿಂದ ಯಾವುದೋ ಪುಡಿಯನ್ನು ಯಾವುದಕ್ಕೋ ಸುರಿದರೆ ಹಿನ್ನೆಲೆ ಮಸುಕಾಗುತ್ತದೆ, ಅಕ್ಷರ ಅಂಟುವುದಿಲ್ಲ. ಜೂನಿನಿಂದ ಕಿಟಕಿಯ ಬಳಿ ಬಿಚ್ಚಿಟ್ಟಿದ್ದ ನಮ್ಮ ಕಾಗದ ಮಳೆಯ ತೇವ ಹೀರಿ ಮೆತ್ತಗಾಗಿದ್ದದ್ದೂ ಸೇರಿಕೊಂಡಿತ್ತು. ಬಿಸಿಯ ಒಂದು ಪಾಲು ಆ ನೀರನ್ನು ಒಣಗಿಸುವುದಕ್ಕೇ ಹೋಗುತ್ತಿತ್ತು. "ಹಳೇ ಫ್ಯೂಸರ್ ಎಲ್ಲಿ?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅದು ಸರಿಯಾಗಿಯೇ ಇದ್ದಿರಬೇಕು.

ರೀಫಿಲ್ ಮಾಡಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಶ್ರದ್ಧೆಯಿಂದ ಆ ಕೆಲಸ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಬಾಟಲಿಯ ಮೇಲೆ ನಿಮ್ಮ ಕಾರ್ಟ್ರಿಡ್ಜಿನ ಸಂಖ್ಯೆ ಇದೆಯೇ ಎಂದು ನೋಡಿ, ಹಳೆಯ ಪುಡಿಯನ್ನೂ ಬಳಸಿ ಉಳಿದ ಪುಡಿಯನ್ನೂ ಕಣ್ಣೆದುರೇ ಖಾಲಿ ಮಾಡಿಸಿ, ಡ್ರಮ್ ಹೊರಗಿರುವಷ್ಟು ಹೊತ್ತು ಅದರ ಮೇಲೆ ದಪ್ಪ ಬಟ್ಟೆ ಮುಚ್ಚಿಸಿ. ಬದಲಿಸಿದ ಯಾವ ಭಾಗವನ್ನೂ ಕೊಂಡೊಯ್ಯಲು ಬಿಡಬೇಡಿ. ಇನ್ನೊಂದು ಮಾತು: ಚೆಲ್ಲಿದ ಪುಡಿಯನ್ನು ನಮ್ಮ ಜವಾನ ಬಿಸಿನೀರಿನ ಬಟ್ಟೆಯಿಂದ ಒರೆಸಲು ಹೋಗಿ ಮೇಜಿನ ಬಟ್ಟೆಗೆ ಕಾಯಂ ಕಲೆ ಮಾಡಿದ್ದಾನೆ. ಒಣಬಟ್ಟೆ ಸಾಕು, ಬೇಕಿದ್ದರೆ ತಣ್ಣೀರು. ಮನೆಯ ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಆ ಪುಡಿ ಅದರ ಸೋಸುಬಟ್ಟೆಯನ್ನೂ ದಾಟಿ ಕೋಣೆಯ ತುಂಬ ಹರಡುತ್ತದೆ.

ಹೊಸ ಕಾರ್ಟ್ರಿಡ್ಜ್ ತಂದ ಮೇಲೆ ಮಹಾಸಭೆಯ ನೋಟೀಸುಗಳನ್ನೂ ಬಾಕಿ ಪಟ್ಟಿಗಳನ್ನೂ ಮತ್ತೆ ಮುದ್ರಿಸಿದೆವು. ಆದರೆ ಆ ಆರು ವಾರಗಳಲ್ಲಿ ಸದಸ್ಯರು ಸಹಿ ಹಾಕಿಕೊಟ್ಟಿದ್ದ ಹದಿನೇಳು ಬಾಕಿ ಒಪ್ಪಿಗೆ ಪತ್ರಗಳು ಕಡತದಲ್ಲಿದ್ದವು. ತೆರೆದು ನೋಡಿದರೆ ಕೆಳಗಡೆ ಪೆನ್ನಿನ ಸಹಿ ಅಚ್ಚುಕಟ್ಟಾಗಿತ್ತು, ಮೇಲಿನ ಮೊತ್ತ ಎದುರಿನ ಹಾಳೆಯ ಬೆನ್ನಿಗೆ ಅಂಟಿಕೊಂಡು ಹೋಗಿತ್ತು. ಆ ಹದಿನೇಳು ಮಂದಿಗೂ ಫೋನ್ ಮಾಡಿ, ಗದ್ದೆ ಕೆಲಸ ಬಿಟ್ಟು ಇನ್ನೊಮ್ಮೆ ಬಂದು ಸಹಿ ಹಾಕಿಹೋಗಿ ಎಂದು ಕೇಳಿಕೊಳ್ಳಬೇಕಾಯಿತು. ಇವತ್ತಿನವರೆಗೆ ಹನ್ನೊಂದು ಮಂದಿ ಬಂದಿದ್ದಾರೆ.