ಶಾರ್ಟಿ ಲಿವರ್ ಬೇಕಾ, ಮಡಚುವ ಉದ್ದ ಲಿವರ್ ಬೇಕಾ?

ಆರ್15, ಆರ್‌ಸಿ 390 ತರದ ಬೈಕ್‌ಗೆ ಬ್ರೇಕ್, ಕ್ಲಚ್ ಲಿವರ್ ಹುಡುಕುವಾಗ ಬಣ್ಣ ಬಿಡಿ, ಉದ್ದ ನೋಡಿ. ಶಾರ್ಟಿಯಲ್ಲಿ, ಅಂದರೆ ಗಿಡ್ಡ ಲಿವರ್‌ನಲ್ಲಿ, ಎರಡು ಬೆರಳು ಲಿವರ್ ಮೇಲೆ, ಉಳಿದವು ಗ್ರಿಪ್ ಮೇಲೆ. ಟ್ರ್ಯಾಕ್‌ನಲ್ಲಿ ಬ್ರೇಕ್ ಹಿಡಿಯಲು ಇದು ತುಂಬಾ ಚೆನ್ನ. ಆದರೆ ಕ್ಲಚ್‌ಗೆ? ಬೆರಳು ಪಿವಟ್‌ಗೆ (ಲಿವರ್ ತಿರುಗುವ ಬುಡಕ್ಕೆ) ಹತ್ತಿರವಾದಷ್ಟೂ ಜಾಸ್ತಿ ಬಲ ಹಾಕಬೇಕು, ಸಿಟಿ ಟ್ರಾಫಿಕ್‌ನಲ್ಲಿ ಕೈ ನೋಯುತ್ತೆ ಅಲ್ವಾ? ಅಲ್ಲಿ ಉದ್ದದ್ದೇ ವಾಸಿ.

ಬೈಕ್ ಬಿದ್ದಾಗ ಮಡಚುವ ಲಿವರ್‌ನ ತುದಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ಹಾಗಾಗಿ ಮುರಿಯುವ ಭಯ ಕಡಿಮೆ. ಅಗ್ಗದ್ದರಲ್ಲಿ ಆ ಕೀಲೇ ಸಡಿಲವಾಗುತ್ತದೆ, ಅಂಥದ್ದು ಬೇಡವೇ ಬೇಡ.

ಯಾವುದೇ ಹಾಕಿಸಿದರೂ ಬ್ರೇಕ್ ಲಿವರ್‌ನಲ್ಲಿ ಸ್ವಲ್ಪ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮುಂಚಿನ ಸಡಿಲ ಚಲನೆ) ಇರಲೇಬೇಕು. ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್‌ನ (ಲಿವರ್ ಪಕ್ಕ ಬ್ರೇಕ್ ಆಯಿಲ್ ಒತ್ತುವ ಭಾಗ) ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಬ್ರೇಕ್ ಪ್ಯಾಡ್ ಡಿಸ್ಕ್‌ಗೆ ಉಜ್ಜುತ್ತಾ ಬಿಸಿಯಾಗಿ ಮುಂದಿನ ಚಕ್ರ ಲಾಕ್ ಆಗಬಹುದು. ಬ್ರೇಕ್ ಲೈಟ್ ಹತ್ತುತ್ತದೆಯೇ ಅಂತಲೂ ಅಂಗಡಿಯಲ್ಲೇ ನೋಡಿಕೊಳ್ಳಿ.