ಸ್ಟೆಮ್ ಸೆಲ್ ತೆಗೆಯುವ ವಾರ್ಡು: 5ಕ್ಕೆ 3 ಸ್ಟಾರ್

ನಾನು ಬಸ್ ಕಂಡಕ್ಟರ್. ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಕೀಮೋ ಮುಗಿಸಿಕೊಂಡು, ಸ್ಟೆಮ್ ಸೆಲ್ (ರಕ್ತಕಣಗಳನ್ನು ಹುಟ್ಟಿಸುವ ಮೂಲ ಕಣ) ತೆಗೆಸಲು ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿದ್ದೆ. ಹೆಸರು ಬೇಡ ಬಿಡಿ.

ಈ ಸೆಲ್ ಇರುವುದು ಬೋನ್ ಮ್ಯಾರೋದಲ್ಲಿ, ಅಂದರೆ ಮೂಳೆಯ ಮಜ್ಜೆಯಲ್ಲಿ; ಹಾಗಾಗಿ ಸೊಂಟದ ಮೂಳೆಗೆ ಸೂಜಿ ಎಂದು ಹೆದರಿದ್ದೆ. ಈಗ ಹೆಚ್ಚಾಗಿ ರಕ್ತದಿಂದಲೇ ತೆಗೆಯುತ್ತಾರೆ. ಸೆಲ್‌ಗಳನ್ನು ಮಜ್ಜೆಯಿಂದ ರಕ್ತಕ್ಕೆ ಬರಿಸಲು 4 ದಿನ ಫಿಲ್ಗ್ರಾಸ್ಟಿಮ್ ಇಂಜೆಕ್ಷನ್, ಬೆನ್ನು ಸೊಂಟ ಎಲ್ಲ ಕಿತ್ತುಬರುವಂಥ ನೋವು. 5ನೇ ದಿನ ಕುತ್ತಿಗೆಯ ಬಲಕ್ಕೆ ದಪ್ಪ ಲೈನ್ (ರಕ್ತನಾಳದೊಳಗೆ ಇಡುವ ಪೈಪು) ಹಾಕಿ, ರಕ್ತದಿಂದ ಸೆಲ್ ಬೇರ್ಪಡಿಸುವ ಮೆಷಿನ್‌ಗೆ ಜೋಡಿಸಿದರು. ನಾಲ್ಕೂವರೆ ಗಂಟೆ ಅಲ್ಲಾಡುವಂತಿಲ್ಲ. ಮಾರನೇ ದಿನವೂ ಅದೇ. ಕೆ.ಜಿ. ತೂಕಕ್ಕೆ ಕನಿಷ್ಠ 20 ಲಕ್ಷ ಸೆಲ್ ಬೇಕು, ನನಗೆ 32 ಲಕ್ಷ ಸಿಕ್ಕಿತು.

ಸಿಸ್ಟರ್‌ಗಳಿಗೆ ಪೂರ್ತಿ ಅಂಕ. ತುಟಿ ಜುಮ್ಮೆಂದ ಕೂಡಲೇ ಕ್ಯಾಲ್ಸಿಯಂ ಕೊಟ್ಟರು. ಪೈಪಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಸಿಟ್ರೇಟ್ ಬೆರೆಸುತ್ತಾರೆ, ಅದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ ಎಂದು ವಿವರಿಸಿದರು.

ನಾನು ಎಡವಿದ್ದು ಅಲ್ಲೇ. ಹೆಪ್ಪುಗಟ್ಟದ ಔಷಧಿ ಮೈಗೆ ಹೋಗಿದೆಯಲ್ಲ, ಇನ್ನೇನು ಭಯ ಅಂದುಕೊಂಡೆ. ಅದರ ಕೆಲಸ ಮೆಷಿನ್‌ನೊಳಗೆ ಮಾತ್ರವಂತೆ. ಮೈ ಸೇರಿದ ಮೇಲೆ ಬೇಗ ಇಲ್ಲವಾಗುತ್ತದೆ. ಲಿಂಫೋಮಾ ಇದ್ದವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಜಾಸ್ತಿ. ಅದರ ಮೇಲೆ ರಕ್ತನಾಳದಲ್ಲಿ ಲೈನ್, ದಿನವಿಡೀ ಹಾಸಿಗೆ. ಇದನ್ನೆಲ್ಲ ಮೊದಲೇ ಹೇಳಬಹುದಿತ್ತು, ಅಲ್ವಾ? ಖರ್ಚಿನ ಲೆಕ್ಕವನ್ನು ಕನ್ನಡದಲ್ಲಿ ಎರಡು ಸಲ ಹೇಳಿದರು. ಅಪಾಯದ ವಿಷಯ ಮಾತ್ರ ಇಂಗ್ಲಿಷ್ ಫಾರಂನಲ್ಲಿತ್ತು, ಸುಮ್ನೆ ಸಹಿ ಹಾಕಿಸಿಕೊಂಡರು.

ಲೈನ್ ಹಾಕಿದ 3ನೇ ದಿನ ನನ್ನ ಹೆಂಡತಿ, "ರೀ, ಈ ಕೈ ಯಾಕೆ ದಪ್ಪ ಕಾಣ್ತಿದೆ?" ಎಂದಳು. ಬಲಗೈ, ಚಿಲ್ಲರೆ ಎಣಿಸುವ ಕೈ. ಉಂಗುರ ಸಿಕ್ಕಿಹಾಕಿಕೊಂಡಿತ್ತು. ಡ್ಯೂಟಿ ಡಾಕ್ಟರ್, "ಮಲಗಿದ್ದಕ್ಕಿರಬೇಕು, ನಾಳೆ ನೋಡೋಣ" ಎಂದರು. ಒಂದು ಸ್ಟಾರ್ ಹೋಗಿದ್ದು ಇಲ್ಲಿ, ಇನ್ನೊಂದು ಆ ಫಾರಂಗೆ. ಮಾರನೇ ದಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಕಾಣಿಸಿತು.

ಆಮೇಲಿನ ಚಿಕಿತ್ಸೆಗೆ ದೂರಿಲ್ಲ. ಹೊಟ್ಟೆಯ ಚರ್ಮಕ್ಕೆ ಎನಾಕ್ಸಪ್ಯಾರಿನ್ ಎಂಬ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಇಂಜೆಕ್ಷನ್ ಶುರು ಮಾಡಿದರು. ಮೆಷಿನ್ ಪ್ಲೇಟ್‌ಲೆಟ್‌ಗಳನ್ನೂ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಒಂದಷ್ಟು ಎಳೆದುಕೊಂಡಿರುತ್ತದೆ. ಎಣಿಕೆ 50 ಸಾವಿರಕ್ಕಿಂತ ಇಳಿದರೆ ಡೋಸ್ ಇಳಿಸಬೇಕು, ಇಲ್ಲದಿದ್ದರೆ ರಕ್ತಸ್ರಾವದ ಭಯ. ಹಾಗಾಗಿ ಬಿಡದೆ ಬ್ಲಡ್ ಟೆಸ್ಟ್ ಮಾಡಿ ನೋಡಿದರು.

ಹೋಗುವವರು ಲೈನ್ ಎಲ್ಲಿ ಹಾಕುತ್ತೀರಿ, ಯಾವತ್ತು ತೆಗೆಯುತ್ತೀರಿ ಎಂದು ಕೇಳಿ. ಒಂದೇ ಕೈ ಅಥವಾ ಕಾಲು ಊದಿದರೆ, ಉಸಿರು ಕಟ್ಟಿದರೆ ನಾಳೆಯವರೆಗೆ ಕಾಯಬೇಡಿ. ಕ್ಯಾಂಟೀನ್ ಇಡ್ಲಿ ಕಲ್ಲು, ಮನೆಯಿಂದಲೇ ತನ್ನಿ.

ನನ್ನ ಹೆಂಡತಿ ಈಗಲೂ ದಿನಾ ಸಂಜೆ ಟೈಲರ್ ಟೇಪ್ ಹಿಡಿದು ಎರಡೂ ಕೈ ಅಳೆಯುತ್ತಾಳೆ. ಇವತ್ತು ವ್ಯತ್ಯಾಸ ಅರ್ಧ ಇಂಚು.